ಬಣ್ಣ ಬೇಡ ಅಂದ ಎಂಜಿನ್

‘ಇದಕ್ಕೆ ಯಾವ ಪೇಂಟು ಹೊಡೀಬೇಕೋ ನೀನೇ ನೋಡಿ ತಗೊಂಡ್ ಬಾ. ಇಂಜಿನಿಯರ್ ಅಲ್ವೇನಪ್ಪ ನೀನು?’

ಗ್ಯಾರೇಜಿನ ಮೇಸ್ತ್ರಿ ಹೀಗೆ ಹೇಳಿ ಕೈಗೆ ದುಡ್ಡಿಟ್ಟಾಗ ನನಗೆ ಒಳಗೊಳಗೇ ಅವಮಾನವಾಗಿತ್ತು. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದವನಿಗೆ ಸಿಕ್ಕ ಮೊದಲ ಜವಾಬ್ದಾರಿ ಪೇಂಟ್ ಡಬ್ಬ ತರುವುದು! ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಕೆಲಸ ಸಿಗದೆ, ಎಂಟು ತಿಂಗಳು ರೆಸ್ಯೂಮೆ ಕಳಿಸಿ ಕಳಿಸಿ ಸುಸ್ತಾಗಿ, ‘ಸುಮ್ಮನೆ ಕೂರುವ ಬದಲು ಕೈಕೆಲಸವಾದರೂ ಕಲಿಯೋಣ’ ಎಂದು ಮೈಸೂರಿನ ಈ ಪುಟ್ಟ ಗ್ಯಾರೇಜಿಗೆ ಸೇರಿದ್ದೆ. ಬಣ್ಣ ಆರಿಸುವುದು ಐದು ನಿಮಿಷದ ಕೆಲಸ ಅಂದುಕೊಂಡೆ. ಅದು ನನ್ನ ಮೂರು ವಾರ ತಿಂದಿತು.

ಬೆಂಚಿನ ಮೇಲೆ ಬಿಚ್ಚಿ ಹರಡಿದ್ದು 1967ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್. ಆಮೆಯ ಬೆನ್ನಿನಂಥ ಮೈಯ ಆ ಕಾರನ್ನು ಸಿನಿಮಾದಲ್ಲಾದರೂ ನೀವು ನೋಡಿರುತ್ತೀರಿ. ಫರ್ಡಿನಂಡ್ ಪೋರ್ಶೆ 1930ರ ದಶಕದಲ್ಲಿ ಜರ್ಮನಿಯಲ್ಲಿ ರೂಪಿಸಿದ ಈ ಕಾರು 2003ರ ಜುಲೈವರೆಗೂ ತಯಾರಾಗುತ್ತಿತ್ತು. ಕೊನೆಯದು ಹೊರಬಂದದ್ದು ಮೆಕ್ಸಿಕೊದ ಪುಯೆಬ್ಲಾ ಕಾರ್ಖಾನೆಯಿಂದ. ಒಟ್ಟು ತಯಾರಾದವು 2 ಕೋಟಿ 15 ಲಕ್ಷಕ್ಕೂ ಹೆಚ್ಚು. ನಮ್ಮ ದೇಶಕ್ಕೆ ಆಗ ಬಂದವು ತೀರಾ ಕಡಿಮೆ. ಅಂಥದ್ದೊಂದು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಶೆಡ್‌ನಲ್ಲಿ ಹನ್ನೆರಡು ವರ್ಷ ಧೂಳು ಕುಡಿದು ನಿಂತಿತ್ತು. ದಸರೆಯ ಹೊತ್ತಿಗೆ ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಬೇಕು ಅನ್ನುವುದು ಅವರ ಆಸೆ. ‘ಆಗುತ್ತೆ ಸಾರ್’ ಎಂದು ಮೇಸ್ತ್ರಿ ಮಾತು ಕೊಟ್ಟಿದ್ದರು.

<b>ನೀರಿಲ್ಲದ ಎಂಜಿನ್</b>

ಇಂದಿನ ಕಾರುಗಳ ಎಂಜಿನ್ ತಣ್ಣಗಾಗುವುದು ನೀರಿನಿಂದ. ಮುಂದೆ ರೇಡಿಯೇಟರ್ ಇರುತ್ತದೆ, ಪೈಪುಗಳಿರುತ್ತವೆ. ಬೀಟಲ್‌ಗೆ ಅದ್ಯಾವುದೂ ಇಲ್ಲ. ಅದರ ಎಂಜಿನ್ ಇರುವುದು ಹಿಂದುಗಡೆ, ಅದು ತಣ್ಣಗಾಗುವುದು ಗಾಳಿಯಿಂದ.

ಮೈಸೂರಿನವರಿಗೆ ಇದನ್ನು ವಿವರಿಸುವುದು ಸುಲಭ. 1961ರಿಂದ 1996ರವರೆಗೆ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇನ್ನೂ ಓಡಾಡುತ್ತಿವೆಯಲ್ಲ? ಅವುಗಳ ಸಿಲಿಂಡರ್ ಸುತ್ತ ಒಂದರ ಮೇಲೊಂದು ತಟ್ಟೆ ಜೋಡಿಸಿದ ಹಾಗೆ ತೆಳು ಪಟ್ಟಿಗಳಿವೆ. ಅವೇ ಫಿನ್‌ಗಳು. ಒಳಗಿನ ಬಿಸಿ ಫಿನ್‌ಗಳಿಗೆ ಹರಿಯುತ್ತದೆ, ಬೈಕ್ ಓಡುವಾಗ ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಬೀಟಲ್‌ನಲ್ಲಿ ಎಂಜಿನ್ ಮುಚ್ಚಳದೊಳಗೆ ಅಡಗಿರುವುದರಿಂದ ಎದುರುಗಾಳಿ ಸಿಗುವುದಿಲ್ಲ. ಅದಕ್ಕೇ ಬೆಲ್ಟ್‌ನಿಂದ ತಿರುಗುವ ಒಂದು ಫ್ಯಾನ್, ಆ ಗಾಳಿ ಅತ್ತಿತ್ತ ಸೋರದೆ ಸಿಲಿಂಡರ್‌ಗಳ ಮೇಲೆಯೇ ಹೋಗುವಂತೆ ಮಾಡುವ ತಗಡಿನ ಹೊದಿಕೆಗಳು. ಎಂಜಿನ್‌ಗೆ ಹಾಕುವುದು ಎರಡೂವರೆ ಲೀಟರ್ ಆಯಿಲ್ ಮಾತ್ರ. ಅದೂ ಬಿಸಿಯನ್ನು ಹೊತ್ತು ಪುಟ್ಟ ಆಯಿಲ್ ಕೂಲರ್‌ಗೆ ತಲುಪಿಸಬೇಕು.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಎಡವಿದೆ.

<b>ನಾನು ತೊಡಿಸಿದ ಸ್ವೆಟರ್</b>

ಮೇಸ್ತ್ರಿ ಸಂಬಂಧಿಕರ ಮದುವೆಗೆಂದು ಎರಡು ದಿನ ಊರಿಗೆ ಹೋಗಿದ್ದರು. ಅವರು ಬರುವುದರೊಳಗೆ ಕೆಲಸ ಮುಗಿಸಿ ಶಭಾಷ್ ಅನ್ನಿಸಿಕೊಳ್ಳುವ ಹುಮ್ಮಸ್ಸು ನನಗೆ. ಅಂಗಡಿಗೆ ಹೋಗಿ ಫಳಫಳ ಹೊಳೆಯುವ ಕಪ್ಪು ಎನಾಮಲ್ ಸ್ಪ್ರೇ ಡಬ್ಬಗಳನ್ನು ತಂದೆ. ‘ಕಪ್ಪು ಮೇಲ್ಮೈ ಬಿಸಿಯನ್ನು ಚೆನ್ನಾಗಿ ಹೊರಸೂಸುತ್ತದೆ’ ಎಂಬ ಪಠ್ಯಪುಸ್ತಕದ ಸಾಲು ತಲೆಯಲ್ಲಿತ್ತು. ನಾಲ್ಕೂ ಸಿಲಿಂಡರ್‌ಗಳಿಗೆ ಒಂದರ ಮೇಲೊಂದು ಮೂರು ಕೋಟ್ ಹೊಡೆದೆ. ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿಕೊಂಡೆ.

ವಾಪಸ್ ಬಂದ ಮೇಸ್ತ್ರಿ ಬಯ್ಯಲಿಲ್ಲ. ಒಂದು ಸಿಲಿಂಡರ್ ಎತ್ತಿಕೊಂಡು ಎರಡು ಫಿನ್‌ಗಳ ನಡುವೆ ಉಗುರು ತೂರಿಸಿದರು. ಬುಡದಲ್ಲಿ ಪೇಂಟು ಇಳಿದು ಗಟ್ಟಿಯಾಗಿ ಕೂತಿತ್ತು.

‘ಚೆನ್ನಾಗೈತೆ ಕಣಪ್ಪ. ಆದ್ರೆ ಬೆವರೋನಿಗೆ ಸ್ವೆಟರ್ ಹಾಕ್ಬಿಟ್ಟಿದೀಯ.’

ನಾನು ಸುಮ್ಮನಿರಬೇಕಿತ್ತು. ‘ಮೇಸ್ತ್ರಿ, ಕಪ್ಪು ಬಣ್ಣ ಬಿಸೀನ ಹೊರಗೆ ಹಾಕುತ್ತೆ. ಬುಕ್ಕಲ್ಲೇ ಇದೆ’ ಎಂದೆ.

‘ಇರಬೋದು’ ಎಂದವರು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸಿಲಿಂಡರ್ ಒಂದಕ್ಕೆ ಅದೇ ಪೇಂಟ್ ಹೊಡೆಸಿದರು. ಮಾರನೇ ದಿನ ಅದನ್ನು ಅಂಗಳದಲ್ಲಿ ಗ್ಯಾಸ್ ಒಲೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೇ ಪೇಂಟು ಮೆತ್ತಗಾಯಿತು, ಗುಳ್ಳೆ ಎದ್ದಿತು, ಕೆಟ್ಟ ವಾಸನೆಯ ಹೊಗೆ ಬಂತು. ಹೊಳಪಿನ ಕಪ್ಪು ಕಂದು ತಿರುಗಿ ಚಕ್ಕೆ ಚಕ್ಕೆಯಾಗಿ ಎದ್ದಿತು. ಗಾಳಿಯಿಂದ ತಣಿಯುವ ಎಂಜಿನ್‌ನ ಹೆಡ್ 150 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಬಾಗಿಲು, ಗ್ರಿಲ್‌ಗೆ ಬಳಿಯುವ ಎನಾಮಲ್ ಆ ಬಿಸಿಗಾಗಿ ಮಾಡಿದ್ದಲ್ಲ.

‘ಈಗ ಬಿಚ್ಚು ಸ್ವೆಟರ್‌ನ’ ಎಂದರು ಮೇಸ್ತ್ರಿ.

<b>ರಾತ್ರಿ ಬಿಡಿಸಿದ ಲೆಕ್ಕ</b>

ಅಂದು ರಾತ್ರಿ ರೂಮಿಗೆ ಬಂದು ಟ್ರಂಕಿನ ತಳದಿಂದ ಹೀಟ್ ಟ್ರಾನ್ಸ್‌ಫರ್ ಪುಸ್ತಕ ತೆಗೆದೆ. ಪರೀಕ್ಷೆಯಲ್ಲಿ ಪಾಸಾಗಿದ್ದ ವಿಷಯವೇ. ಆದರೆ ಅದರಲ್ಲಿದ್ದ ಸೂತ್ರವನ್ನು ನಿಜವಾದ ವಸ್ತುವೊಂದಕ್ಕೆ ಹಾಕಿ ನೋಡಿದ್ದು ಅದೇ ಮೊದಲು.

ಎರಕದ ಕಬ್ಬಿಣದ ಉಷ್ಣವಾಹಕತೆ ಸುಮಾರು 50, ಒಣಗಿದ ಪೇಂಟಿನದು ಸುಮಾರು 0.2. ಅಂದರೆ ಬಿಸಿ ಸಾಗಿಸುವುದರಲ್ಲಿ ಪೇಂಟು ಕಬ್ಬಿಣಕ್ಕಿಂತ 250 ಪಟ್ಟು ಸೋಮಾರಿ. ಫಿನ್ ಮೇಲೆ ಹಾಯುವ ಫ್ಯಾನ್ ಗಾಳಿ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 100 ವ್ಯಾಟ್ ಬಿಸಿ ಒಯ್ಯುತ್ತದೆ ಎಂದು ಅಂದಾಜು ಹಿಡಿದೆ. ಪೇಂಟಿನ ಪದರ 0.05 ಮಿಲಿಮೀಟರ್ ಇದ್ದರೆ ಬಿಸಿ ಹೊರಹೋಗಲು ಎದುರಾಗುವ ಅಡ್ಡಿ ಶೇ 2.5ರಷ್ಟು ಮಾತ್ರ ಹೆಚ್ಚುತ್ತದೆ. ಅದೇನೂ ದೊಡ್ಡದಲ್ಲ. ಆದರೆ ನಾನು ಹೊಡೆದ ಮೂರು ಕೋಟ್ ಫಿನ್ ಬುಡಕ್ಕೆ ಇಳಿದು ಮಡುಗಟ್ಟಿತ್ತಲ್ಲ? ಕೆರೆದ ಚಕ್ಕೆಯನ್ನು ವರ್ನಿಯರ್‌ನಲ್ಲಿ ಹಿಡಿದರೆ ಅರ್ಧ ಮಿಲಿಮೀಟರ್ ತೋರಿಸಿತು. ಆ ಜಾಗದಲ್ಲಿ ಅಡ್ಡಿ ಶೇ 25ರಷ್ಟು ಹೆಚ್ಚು! ಜೊತೆಗೆ ಗಾಳಿ ಹಾಯುವ ಸಂದೂ ಕಿರಿದಾಗಿತ್ತು.

ಹಾಗಾದರೆ ‘ಕಪ್ಪು ಬಿಸಿ ಸೂಸುತ್ತದೆ’ ಎಂಬುದು ಸುಳ್ಳೇ? ಸುಳ್ಳಲ್ಲ. ಸಿಲಿಂಡರ್ 150 ಡಿಗ್ರಿ, ಸುತ್ತಲಿನದು 60 ಡಿಗ್ರಿ ಎಂದು ಹಿಡಿದು ಅದನ್ನೂ ಲೆಕ್ಕ ಹಾಕಿದೆ. ಪರಿಪೂರ್ಣ ಕಪ್ಪು ಮೇಲ್ಮೈ ಆದರೂ ಅದೇ ಅಳತೆಯಲ್ಲಿ 12 ವ್ಯಾಟ್ ಸೂಸಬಲ್ಲದು. ಗಾಳಿ ಒಯ್ಯುವ 100ರ ಮುಂದೆ ಅದು ಎಂಟನೇ ಒಂದು ಭಾಗ. ಫಿನ್‌ಗಳು ಎದುರುಬದುರು ನಿಂತಿರುವುದರಿಂದ ಸೂಸಿದ ಬಿಸಿಯಲ್ಲಿ ಬಹುಪಾಲು ಪಕ್ಕದ ಫಿನ್‌ಗೇ ಹೋಗುತ್ತದೆ. ಮೇಲಾಗಿ ಹಳೆಯ ಎರಕದ ಕಬ್ಬಿಣದ ಮೈ ಮೊದಲೇ ಕಪ್ಪಗಿರುತ್ತದೆ. ನಯವಾಗಿ ಹೊಳೆಯುವ ಅಲ್ಯೂಮಿನಿಯಂ ಆಗಿದ್ದರೆ ಕಪ್ಪು ಬಣ್ಣದಿಂದ ವ್ಯತ್ಯಾಸವಾಗುತ್ತಿತ್ತು, ಅದೂ ಗಾಳಿಯಾಡದೆ ನಿಂತ ವಸ್ತುವಿನಲ್ಲಿ.

ಪುಸ್ತಕದ ಸಾಲು ಸರಿಯಾಗಿಯೇ ಇತ್ತು. ನಾನು ಅದನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೆ.

<b>ಮುರಿದ ಮೂಲೆ</b>

ಬಳಿದದ್ದನ್ನು ತೆಗೆಯುವುದು ಬಳಿಯುವುದಕ್ಕಿಂತ ಕಷ್ಟ. ಪೇಂಟ್ ರಿಮೂವರ್ ಹಚ್ಚಿ, ವೈರ್ ಬ್ರಷ್‌ನಲ್ಲಿ ಉಜ್ಜಿ ಎರಡು ದಿನ ಕಳೆದೆ. ರಿಮೂವರ್‌ನ ದುಡ್ಡು ನನ್ನ ಜೇಬಿನದೇ. ಬುಡದಲ್ಲಿ ಉಳಿದದ್ದು ಹೊರಬರದಿದ್ದಾಗ ತಾಳ್ಮೆ ಕಳೆದುಕೊಂಡು ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಸಣ್ಣಗೆ ತಟ್ಟಿದೆ. ‘ಟಕ್’ ಎಂದಿತು. ಮೂರನೇ ಸಿಲಿಂಡರ್‌ನ ಒಂದು ಫಿನ್‌ನ ಮೂಲೆ, ಹೆಬ್ಬೆರಳಿನ ಉಗುರಿನಷ್ಟು, ಮುರಿದು ನೆಲಕ್ಕೆ ಬಿತ್ತು. ಎರಕದ ಕಬ್ಬಿಣ ಬಾಗುವುದಿಲ್ಲ, ಮುರಿಯುತ್ತದೆ.

ಸಂಜೆಯಾಗಿತ್ತು. ಯಾರೂ ನೋಡಿರಲಿಲ್ಲ. ಚೂರನ್ನು ಜೇಬಿಗೆ ಹಾಕಿಕೊಂಡು ರೂಮಿಗೆ ಹೋದೆ.

ಆ ರಾತ್ರಿ ನಾನು ಯೋಚಿಸಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಎಂ-ಸೀಲ್ ಹಚ್ಚಿ ಚೂರು ಅಂಟಿಸಿ, ಉಪ್ಪುಕಾಗದ ಉಜ್ಜಿ, ಮೇಲೆ ಕಪ್ಪು ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ತಗಡಿನ ಹೊದಿಕೆ ಹಾಕಿದ ಮೇಲಂತೂ ಅದು ಕಾಣುವುದೇ ಇಲ್ಲ. ಹಳೆಯ ಕಾರಿನ ಸಿಲಿಂಡರ್ ಸೆಟ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನನ್ನಿಂದ ದುಡ್ಡು ಕೇಳಿದರೆ ಎಲ್ಲಿಂದ ತರಲಿ? ಮನೆಯಲ್ಲಿ ಅಪ್ಪನಿಗೆ ಏನು ಹೇಳಲಿ? ‘ಓದಿದ್ದೂ ದಂಡ, ಗ್ಯಾರೇಜೂ ದಂಡ’ ಅನ್ನುವ ಅವರ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಆದರೆ ಲೆಕ್ಕ ಬಿಡಿಸಿದ ಹಾಳೆ ಎದುರಿಗೇ ಇತ್ತು. ಬೀಟಲ್‌ನ ಮೂರನೇ ಸಿಲಿಂಡರ್ ಬಗ್ಗೆ ಓದಿದ್ದೂ ನೆನಪಾಯಿತು. ಈ ಮಾದರಿಯಲ್ಲಿ ಆಯಿಲ್ ಕೂಲರ್ ಫ್ಯಾನ್ ಹೊದಿಕೆಯ ಒಳಗೇ ನಿಂತಿರುತ್ತದೆ. ಮೂರನೇ ಸಿಲಿಂಡರ್‌ಗೆ ಹೋಗುವ ಗಾಳಿಗೆ ಅದು ಅಡ್ಡ. ಆದ್ದರಿಂದ ನಾಲ್ಕರಲ್ಲಿ ಹೆಚ್ಚು ಬಿಸಿಯಾಗುವುದು ಅದೇ. ಮುಂದೆ 1971ರ ಮಾದರಿಯಲ್ಲಿ ಕಂಪನಿಯೇ ಕೂಲರನ್ನು ಪಕ್ಕಕ್ಕೆ ಸರಿಸಿ ಅದನ್ನು ತಿದ್ದಿತು. ನಾನು ಮುರಿದದ್ದೂ ಅಂಟು ಮೆತ್ತಲು ಹೊರಟದ್ದೂ ಅದೇ ಸಿಲಿಂಡರ್‌ಗೆ. ಬೆಟ್ಟ ಹತ್ತುವಾಗ ಏನಾದರೂ ಆದರೆ?

ಬೆಳಿಗ್ಗೆ ಟೀ ಹೊತ್ತಿಗೆ ಚೂರನ್ನು ಮೇಸ್ತ್ರಿಯ ಮುಂದೆ ಇಟ್ಟೆ. ‘ನನ್ನಿಂದ ಮುರೀತು ಮೇಸ್ತ್ರಿ. ನಿನ್ನೇನೇ ಹೇಳ್ಬೇಕಿತ್ತು’ ಎಂದೆ.

ಅವರು ಸಿಲಿಂಡರ್ ತಿರುಗಿಸಿ ತಿರುಗಿಸಿ ನೋಡಿದರು. ಬಿರುಕು ಒಳಕ್ಕೆ ಹೋಗಿದೆಯೇ ಎಂದು ಡೀಸೆಲ್ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಾಕಿ ಪರೀಕ್ಷಿಸಿದರು. ಬಿರುಕಿದ್ದರೆ ಅದರೊಳಗೆ ಉಳಿದ ಡೀಸೆಲ್ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಗೆರೆ ಮೂಡಲಿಲ್ಲ.

‘ತುದಿ ಮಾತ್ರ ಹೋಗಿರೋದು. ಅರ ಹಾಕಿ ನೈಸ್ ಮಾಡು, ಸಾಕು. ಇಷ್ಟಕ್ಕೆಲ್ಲ ಇಂಜಿನ್ ಬಿಸಿ ಆಗಲ್ಲ’ ಎಂದರು. ಆಮೇಲೆ ಟೀ ಲೋಟ ಕೆಳಗಿಟ್ಟು, ‘ಪೇಂಟ್ ಹೊಡ್ದು ಮುಚ್ಚಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ. ಒಳಗೆ ಬಿರುಕಿದ್ದು, ಅದೂ ಗೊತ್ತಾಗದೆ ಹೋಗಿದ್ರೆ? ಯಜಮಾನ್ರಿಗೆ ನೀನೇ ಫೋನ್ ಮಾಡಿ ಹೇಳು’ ಎಂದರು.

ಕೈ ನಡುಗುತ್ತಲೇ ಫೋನ್ ಮಾಡಿದೆ. ಆ ಕಡೆ ಕೊಂಚ ಹೊತ್ತು ಮೌನ. ‘ಓಡುತ್ತೇನಪ್ಪ?’ ಎಂದರು. ‘ಓಡುತ್ತೆ ಸಾರ್.’ ‘ಸರಿ ಬಿಡು. ನನ್ನ ಹಲ್ಲೂ ಮೂರು ಹೋಗಿವೆ’ ಎಂದು ನಕ್ಕರು. ಆ ನಗು ನನಗೆ ಇವತ್ತಿಗೂ ನೆನಪಿದೆ.

<b>ಎಲ್ಲಿಗೆ ಯಾವುದು?</b>

ಅಲ್ಲಿಂದ ಕೆಲಸದ ರೀತಿಯೇ ಬದಲಾಯಿತು. ‘ಯಾವ ಬಣ್ಣ’ ಎಂದು ಕೇಳುವುದನ್ನು ಬಿಟ್ಟು ಪ್ರತಿ ಭಾಗಕ್ಕೂ ಮೂರು ಪ್ರಶ್ನೆ ಕೇಳತೊಡಗಿದೆ: ಇದು ಯಾವ ಲೋಹ? ಎಷ್ಟು ಬಿಸಿಯಾಗುತ್ತದೆ? ಇದಕ್ಕೆ ಪೇಂಟು ಬೇಕೇ ಬೇಕೆ?

ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಅದಕ್ಕೆ ಪೇಂಟು ಬೇಡ, ಚೆನ್ನಾಗಿ ತೊಳೆದು ಹಾಗೇ ಬಿಟ್ಟೆವು. ಮರಳು ಚಿಮ್ಮಿಸಿ ಸ್ವಚ್ಛ ಮಾಡುವುದನ್ನು ಮೇಸ್ತ್ರಿ ಬಿಲ್‌ಕುಲ್ ಒಪ್ಪಲಿಲ್ಲ. ಆಯಿಲ್ ಹರಿಯುವ ಸಣ್ಣ ದಾರಿಯಲ್ಲಿ ಒಂದು ಕಣ ಉಳಿದರೂ ಬೇರಿಂಗ್ ಹಾಳು. ಗ್ರೈಂಡರ್‌ನನ್ನೂ ಹತ್ತಿರ ತರಬೇಡ ಎಂದರು. ಮೆಗ್ನೀಸಿಯಂ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಬೆಂಕಿ ಇನ್ನಷ್ಟು ಜೋರಾಗುತ್ತದೆ.

ಸಿಲಿಂಡರ್ ಹೆಡ್ ಅಲ್ಯೂಮಿನಿಯಂ. ಅದು ತುಕ್ಕು ಹಿಡಿಯುವುದಿಲ್ಲ, ತುಂಬಾ ಬಿಸಿಯೂ ಆಗುತ್ತದೆ. ಅದಕ್ಕೂ ಪೇಂಟು ಬೇಡ.

ಸಿಲಿಂಡರ್ ಎರಕದ ಕಬ್ಬಿಣ. ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಹೆಚ್ಚು ಬಿಸಿ ತಾಳುವ ಮಂಕು ಕಪ್ಪು ಪೇಂಟನ್ನು ಒಂದೇ ಒಂದು ತೆಳು ಕೋಟ್, ಹಿಂದಿನ ಲೋಹ ಮಸುಕಾಗಿ ಕಾಣುವಷ್ಟು ಮಾತ್ರ ಹೊಡೆದೆವು. ಸಿಲಿಂಡರ್ ಕೆಳಗೆ ಕ್ರ್ಯಾಂಕ್‌ಕೇಸ್‌ಗೆ, ಮೇಲೆ ಹೆಡ್‌ಗೆ ಕೂರುವ ಅಂಚುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಸುತ್ತಿದ್ದೆ. ಅಲ್ಲಿ ಪೇಂಟ್ ಇದ್ದರೆ ಬಿಸಿಗೆ ಅದು ಮೆತ್ತಗಾಗಿ ಕುಗ್ಗಿ, ಬಿಗಿ ಮಾಡಿದ ನಟ್ಟು ಸಡಿಲವಾಗುತ್ತದೆ. ಇದೇ ಕಾರಣಕ್ಕೆ ವಾಷರ್ ಕೂರುವ ಜಾಗಕ್ಕೂ ಪೇಂಟ್ ಹೊಡೆಯಬಾರದು.

ಸೈಲೆನ್ಸರ್‌ಗೂ ಅದರ ಪಕ್ಕದ ಹೀಟ್ ಎಕ್ಸ್‌ಚೇಂಜರ್‌ಗೂ 600 ಡಿಗ್ರಿ ತಾಳುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್. ಇದರಲ್ಲಿ ಸಿಲಿಕೋನ್ ರಾಳವಿರುತ್ತದೆ. ಗಾಳಿಗೆ ಒಣಗಿದರೆ ಸಾಲದು, ಹಂತ ಹಂತವಾಗಿ ಬಿಸಿ ಮಾಡಿ ‘ಬೇಯಿಸಿದರೆ’ ಮಾತ್ರ ಗಟ್ಟಿಯಾಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ನಿಧಾನಕ್ಕೆ ಬೇಯಿಸಿ ಎನ್ನುತ್ತದೆ ಡಬ್ಬದ ಮೇಲಿನ ಸೂಚನೆ. ಆದರೆ ಇದಕ್ಕೆ ಹಾಕಿದ್ದು ಹೊಸ ಕ್ಯಾಮ್‌ಶಾಫ್ಟ್. ಹೊಸ ಕ್ಯಾಮ್ ಇದ್ದಾಗ ಮೊದಲ ಇಪ್ಪತ್ತು ನಿಮಿಷ ಎಂಜಿನ್ ನಿಧಾನಕ್ಕೆ ಓಡಬಾರದು, ಸುಮಾರು 2000 ಸುತ್ತಿನಲ್ಲೇ ಓಡಬೇಕು. ಪೇಂಟಿನ ಮಾತು ಕೇಳಿದರೆ ಕ್ಯಾಮ್ ಸವೆಯುತ್ತದೆ! ಅದಕ್ಕೆ ಪರಿಚಯದ ಪೌಡರ್ ಕೋಟಿಂಗ್ ಅಂಗಡಿಯವರ ಒಲೆಯಲ್ಲಿ ಅವುಗಳನ್ನು 200 ಡಿಗ್ರಿಯಲ್ಲಿ ಮೊದಲೇ ಬೇಯಿಸಿಕೊಂಡು ಬಂದೆ.

ಇನ್ನು ತಗಡುಗಳು. ನೋಡುವವರ ಕಣ್ಣಿಗೆ ಬೀಳುವುದು ಇವೇ. ಯಜಮಾನರಿಗೆ ಕ್ರೋಮ್ ಹಾಕಿಸುವ ಆಸೆಯಿತ್ತು. ಹೊರಗೆ ಸಿಗುವ ಕ್ರೋಮ್ ತಗಡುಗಳು ಹಲವು ಬಾರಿ ಸರಿಯಾಗಿ ಕೂರುವುದಿಲ್ಲ, ಸಂದಿನಲ್ಲಿ ಗಾಳಿ ಸೋರುತ್ತದೆ ಎಂದು ಹೇಳಿ ಹಳೆಯವನ್ನೇ ಉಳಿಸಿಕೊಂಡೆವು. ತುಕ್ಕು ತೆಗೆದು, ಎಪಾಕ್ಸಿ ಪ್ರೈಮರ್ ಹೊಡೆದು, ಕಂಪನಿಯಿಂದ ಬಂದಾಗ ಇದ್ದಂತೆ ಹೊಳಪಿನ ಕಪ್ಪು ಬಣ್ಣವನ್ನೇ, ಹಾರ್ಡನರ್ ಬೆರೆಸುವ ಪಿಯು ಪೇಂಟಿನಲ್ಲಿ ಹೊಡೆದೆವು. ಈ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಒಮ್ಮೆ ಶ್ವಾಸಕೋಶಕ್ಕೆ ಅಲರ್ಜಿ ಅಂಟಿಕೊಂಡರೆ ಜೀವನವಿಡೀ ಬಿಡುವುದಿಲ್ಲ. ಪಾಕೆಟ್ ಮನಿಗೆಂದು ಪೇಂಟಿಂಗ್ ಕೆಲಸಕ್ಕೆ ಹೋಗುವ ಗೆಳೆಯರು ಇದೊಂದನ್ನು ಮರೆಯಬೇಡಿ.

ಕೊನೆಗೆ ಮೇಸ್ತ್ರಿ ತಾವೇ ಕೂತು ಮಾಡಿದ್ದು ಬಣ್ಣದ ಕೆಲಸವಲ್ಲ. ತಗಡಿನ ಅಂಚಿನ ಸುತ್ತ ಹೊಸ ರಬ್ಬರ್ ಪಟ್ಟಿ ಕೂರಿಸಿದರು. ಕೆಳಗಿನ ಬಿಸಿಗಾಳಿ ಮತ್ತೆ ಮೇಲೆ ಬಂದು ಫ್ಯಾನ್‌ಗೆ ಸೇರದಂತೆ ತಡೆಯುವುದು ಅದು. ‘ಇಷ್ಟು ದಿನ ಬಣ್ಣ ಬಣ್ಣ ಅಂದ್ಯಲ್ಲ, ಇಂಜಿನ್ ತಣ್ಣಗಿಡೋದು ಇದು’ ಎಂದರು.

<b>ಕಂಡ ಒಂದು ಹನಿ</b>

ದಸರೆಗೆ ಆರು ದಿನ ಇರುವಾಗ ಎಂಜಿನ್ ಸ್ಟಾರ್ಟ್ ಆಯಿತು. ಹೊಗೆ ಇಲ್ಲ, ಸುಟ್ಟ ಪೇಂಟಿನ ವಾಸನೆ ಇಲ್ಲ. ಇಪ್ಪತ್ತು ನಿಮಿಷ ಮುಗಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿದೆ. ಬಣ್ಣವಿಲ್ಲದ ಕ್ರ್ಯಾಂಕ್‌ಕೇಸ್ ಮೇಲೆ, ಪುಶ್‌ರಾಡ್ ಕೊಳವೆಯ ಬುಡದಲ್ಲಿ ಒಂದೇ ಒಂದು ಹನಿ ಆಯಿಲ್ ಹೊಳೆಯುತ್ತಿತ್ತು. ಸೀಲ್ ಸರಿಯಾಗಿ ಕೂತಿರಲಿಲ್ಲ. ನನ್ನ ಆಸೆಯಂತೆ ಎಲ್ಲಕ್ಕೂ ಹೊಳೆಯುವ ಕಪ್ಪು ಬಳಿದಿದ್ದರೆ ಆ ಹನಿ ಕಣ್ಣಿಗೆ ಬೀಳುತ್ತಿರಲಿಲ್ಲ. ಹೆಡ್ ಬಿಚ್ಚಿ ಸೀಲ್ ಬದಲಾಯಿಸಲು ಇನ್ನೂ ಎರಡು ದಿನ ಹಿಡಿಯಿತು. ಆದರೂ ಕಾರು ದಸರೆಗೆ ಮೊದಲೇ ಮನೆ ಸೇರಿತು, ಬೆಟ್ಟವನ್ನೂ ಹತ್ತಿ ಇಳಿಯಿತು.

ಅಂದು ರಾತ್ರಿ ಲ್ಯಾಪ್‌ಟಾಪ್ ತೆರೆದು ನನ್ನ ರೆಸ್ಯೂಮೆ ನೋಡಿದೆ. ಅದರಲ್ಲಿ ‘ಥರ್ಮಲ್ ಅನಾಲಿಸಿಸ್‌ನಲ್ಲಿ ಪರಿಣತಿ’ ಎಂಬ ಸಾಲಿತ್ತು. ಗೆಳೆಯನ ರೆಸ್ಯೂಮೆಯಿಂದ ಎತ್ತಿ ಹಾಕಿಕೊಂಡದ್ದು. ಅದೂ ಒಂಥರಾ ಹೊಳೆಯುವ ಪೇಂಟೇ. ಸಂದರ್ಶನದಲ್ಲಿ ಒಂದು ಪ್ರಶ್ನೆಯ ಬಿಸಿ ತಾಗುತ್ತಲೇ ಅದು ಗುಳ್ಳೆ ಎದ್ದದ್ದನ್ನು ಎರಡು ಸಲ ಅನುಭವಿಸಿದ್ದೆ. ಆ ಸಾಲನ್ನು ಅಳಿಸಿ ಹೀಗೆ ಬರೆದೆ: ‘1967ರ ಬೀಟಲ್ ಎಂಜಿನ್ ಜೋಡಿಸುವಲ್ಲಿ ಸಹಾಯ, ಸಿಲಿಂಡರ್ ಫಿನ್ ಮೇಲಿನ ಪೇಂಟ್ ಪದರದ ಉಷ್ಣ ಲೆಕ್ಕಾಚಾರ.’

ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಕಳೆದ ವಾರದ ಸಂದರ್ಶನದಲ್ಲಿ ಆ ಸಾಲಿನ ಬಗ್ಗೆಯೇ ಹತ್ತು ನಿಮಿಷ ಕೇಳಿದರು. ಫಿನ್ ಮುರಿದದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಮೊದಲ ಬಾರಿಗೆ ಅಂಗೈ ಬೆವರಲಿಲ್ಲ.

ಆ ಚೂರು ಈಗಲೂ ನನ್ನ ಮೇಜಿನ ಮೇಲಿದೆ. ಅದಕ್ಕೆ ಬಣ್ಣ ಹೊಡೆದಿಲ್ಲ.